ಜಾತ್ರೆಯ ತೊಟ್ಟಿಲಿಗೂ ದಿನಾ ಬೆಳಿಗ್ಗೆ ತಪಾಸಣೆ ಬೇಕು

ಸಂಪಾದಕರಿಗೆ ನಮಸ್ಕಾರ.

ನಾನು ಕಲಬುರಗಿಯವನು, ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಈ ಬೇಸಿಗೆ ರಜೆಯಲ್ಲಿ ಅಕ್ಕನ ಇಬ್ಬರು ಮಕ್ಕಳನ್ನು ಕರೆದುಕೊಂಡು ನಾಲ್ಕು ದಿನ ಊರು ಬಿಟ್ಟಿದ್ದೆ. ಅಳಿಯನಿಗೆ ಹದಿನಾರು, ಸೊಸೆಗೆ ಒಂಬತ್ತು. ನಾಲ್ಕು ದಿನದಲ್ಲಿ ಮೂರು ಪಾರ್ಕು ನೋಡಿದೆವು, ರೋಲರ್ ಕೋಸ್ಟರ್ ಹತ್ತಿದ್ದು ಎಷ್ಟು ಸಲವೋ ಲೆಕ್ಕ ಇಟ್ಟಿಲ್ಲ. ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ವಾಪಸ್ ಬಂದಾಗಿನಿಂದ ನಮ್ಮ ಭಾಗದ ಜಾತ್ರೆಗಳ ಎತ್ತರದ ತಿರುಗುವ ತೊಟ್ಟಿಲು, ತೂಗುವ ದೋಣಿ, ಡ್ರ್ಯಾಗನ್ ರೈಲು ಇವೇ ಕಣ್ಣ ಮುಂದೆ ಬರುತ್ತಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹೋಗಿದ್ದು ಇಮ್ಯಾಜಿಕಾಗೆ. ರಾತ್ರಿ ರೈಲಿಗೆ ಪುಣೆ, ಅಲ್ಲಿಂದ ರಸ್ತೆ ಮೇಲೆ ಖೋಪೋಲಿ. 2013ರಲ್ಲಿ ಶುರುವಾದ ಪಾರ್ಕು ಅದು. ಅಲ್ಲಿ ನೈಟ್ರೋ ಅಂತ ಒಂದು ಕೋಸ್ಟರ್ ಇದೆ. ಕೂತ ಮೇಲೆ ಕಾಲ ಕೆಳಗಿನ ನೆಲವೇ ಸರಿದು ಹೋಗುತ್ತದೆ, ಕಾಲು ಗಾಳಿಯಲ್ಲಿ ಜೋತಾಡುತ್ತವೆ. ಸುಮಾರು 40 ಮೀಟರ್ ಎತ್ತರಕ್ಕೆ ಒಯ್ದು ಬಿಡುತ್ತಾರೆ, ಗಂಟೆಗೆ ನೂರು ಕಿಲೋಮೀಟರ್ ದಾಟುವ ವೇಗ, ಐದು ಸಲ ತಲೆಕೆಳಗು.

ನಾವು ಹೋದಾಗ ಇನ್ನೂ ಸರದಿ ಬಿಟ್ಟಿರಲಿಲ್ಲ. ಖಾಲಿ ಗಾಡಿ ಒಂದು ಸುತ್ತು ಹೋಗಿ ಬಂತು. ಮತ್ತೊಂದು ಸುತ್ತು ಹೋಯಿತು. ಕೆಳಗೆ ನಿಂತ ಹುಡುಗ ಕತ್ತೆತ್ತಿ ಅದನ್ನೇ ನೋಡುತ್ತಿದ್ದ, ಆ ಸದ್ದಿಗೆ ಕಿವಿ ಕೊಟ್ಟಿದ್ದ. ನಾವು ರಿಪೇರಿ ಮಾಡಿದ ಮೋಟರನ್ನು ಗಿರಾಕಿಗೆ ಕೊಡುವ ಮೊದಲು ಲೋಡ್ ಇಲ್ಲದೆ ಓಡಿಸಿ, ಬೇರಿಂಗ್ ಸದ್ದು ಕೇಳುತ್ತೇವಲ್ಲ, ಹಾಗೇ. ನನಗೆ ಆ ಕ್ಷಣವೇ ಆ ಜಾಗದ ಮೇಲೆ ನಂಬಿಕೆ ಬಂತು.

"ಮಾಮಾ, ಇದರಾಗ ಇಂಜಿನ್ ಎಲ್ಲದ?" ಅಂತ ಅಳಿಯ ಕೇಳಿದ. ಇಲ್ಲ, ಗಾಡಿಯಲ್ಲಿ ಇಂಜಿನ್ನೇ ಇರುವುದಿಲ್ಲ. ಕೆಳಗಿನ ಮೋಟರ್ ಒಂದು ಚೈನನ್ನು ಎಳೆಯುತ್ತದೆ, ಆ ಚೈನು ಗಾಡಿಯನ್ನು ದಿಬ್ಬದ ತುದಿವರೆಗೆ ಹತ್ತಿಸುತ್ತದೆ, ಅಷ್ಟೇ. ಆಮೇಲೆಲ್ಲ ಇಳಿಜಾರಿನದೇ ಕೆಲಸ. ಹತ್ತುವಾಗ ಟಕ್ ಟಕ್ ಅಂತ ಕೇಳುವ ಸದ್ದಿಗೆ ಜನ ಹೆದರುತ್ತಾರೆ. ಅದು ಗಾಡಿ ಹಿಂದಕ್ಕೆ ಜಾರದಂತೆ ಹಿಡಿಯುವ ಕೊಕ್ಕೆಯ ಸದ್ದು, ಚೈನ್ ಪುಲ್ಲಿಯೊಳಗಿನ ಹಲ್ಲಿನ ಹಾಗೆ. ಚೈನೇ ಹರಿದರೂ ಗಾಡಿ ಅಲ್ಲೇ ನಿಲ್ಲುತ್ತದೆ. ಗಾಲಿಗಳನ್ನೂ ನೋಡಬೇಕು. ಹಳಿಯ ಮೇಲೆ ಒಂದು ಜೊತೆ, ಪಕ್ಕಕ್ಕೆ ಒಂದು ಜೊತೆ, ಹಳಿಯ ಕೆಳಗೂ ಒಂದು ಜೊತೆ. ಹೀಗೆ ಮೂರೂ ಕಡೆಯಿಂದ ಹಳಿಯನ್ನು ಅಪ್ಪಿ ಹಿಡಿದಿರುವುದರಿಂದ ಗಾಡಿ ಮೇಲಕ್ಕೆ ಹಾರಲು ಆಗುವುದಿಲ್ಲ. ಕೆಳಗೆ ಗಾಲಿ ಕೊಡುವ ಈ ಉಪಾಯಕ್ಕೆ ಅಮೆರಿಕದ ಜಾನ್ ಮಿಲ್ಲರ್ 1919ರಲ್ಲೇ ಪೇಟೆಂಟ್ ಪಡೆದಿದ್ದರು.

ಅಲ್ಲೇ ಡೀಪ್ ಸ್ಪೇಸ್ ಅಂತ ಕತ್ತಲೆಯೊಳಗೆ ಓಡುವ ಇನ್ನೊಂದು ಕೋಸ್ಟರ್ ಇದೆ. ಅದನ್ನು ಚೈನು ಎಳೆಯುವುದಿಲ್ಲ, ಲೀನಿಯರ್ ಮೋಟರ್ ಎಸೆಯುತ್ತದೆ. ನಾವು ದಿನಾ ತಂತಿ ಸುತ್ತುವ ಮೋಟರಿನ ಸ್ಟೇಟರನ್ನು, ಅಂದರೆ ತಿರುಗದೆ ನಿಂತಿರುವ ಹೊರಭಾಗವನ್ನು, ಒಂದು ಕಡೆ ಸೀಳಿ, ಚಾಪೆಯಂತೆ ನೇರ ಹಾಸಿದರೆ ಅದೇ ಲೀನಿಯರ್ ಮೋಟರ್. ಇಪ್ಪತ್ತು ವರ್ಷದಿಂದ ಕೈಯಲ್ಲಿ ಹಿಡಿದ ವಸ್ತು ನನ್ನನ್ನೇ ಕೂರಿಸಿಕೊಂಡು ಬಾಣದ ಹಾಗೆ ಹೋದಾಗ ಕಣ್ಣಲ್ಲಿ ನೀರು ಬಂತು.

ಮರೆಯಲಾಗದ್ದು ಇನ್ನೊಂದು. ಒಂದು ದೊಡ್ಡ ರೈಡಿನ ಬಾಗಿಲಲ್ಲಿ ಎತ್ತರ ಅಳೆಯುವ ಗುರುತು ಇತ್ತು, ಸೊಸೆಯ ತಲೆ ಅದಕ್ಕೆ ಮುಟ್ಟಲಿಲ್ಲ. ಅವಳು ಅತ್ತಳು. ನಾನೂ ಒಂದು ಮಾತು ಕೇಳಿದೆ, ಪಕ್ಕದಲ್ಲಿ ನಾನೇ ಕೂರುತ್ತೇನೆ, ಗಟ್ಟಿ ಹಿಡಿದುಕೊಳ್ಳುತ್ತೇನೆ ಅಂತ. ಬಾಗಿಲಲ್ಲಿ ನಿಂತಿದ್ದ ಕೆಲಸದ ಹುಡುಗಿ ಬಗ್ಗಿ ನಮ್ಮ ಸೊಸೆಯ ಕಣ್ಣೊರೆಸಿದಳು, ಆದರೆ ಬಿಡಲಿಲ್ಲ. ಹೆಗಲ ಮೇಲಿಂದ ಇಳಿಯುವ ಸರಳು ದೊಡ್ಡವರ ಮೈ ಅಳತೆಗೆ ಮಾಡಿದ್ದು, ಸಣ್ಣ ಮೈ ಅದರೊಳಗಿಂದ ಜಾರಬಹುದು. ನಾನು ಕೈ ಹಿಡಿದರೆ ಏನು ಪ್ರಯೋಜನ? ತಿರುವಿನಲ್ಲಿ ನಮ್ಮ ತೂಕವೇ ನಮಗೆ ಮೂರು-ನಾಲ್ಕು ಪಟ್ಟು ಆಗಿ ಎಳೆಯುತ್ತದೆ. ಹತ್ತು ಕೆಜಿ ಹಿಡಿದ ಕೈಗೆ ಮೂವತ್ತು-ನಲವತ್ತು ಕೆಜಿ ಬಂದ ಹಾಗೆ.

ಇದೇ ಸೊಸೆಯನ್ನು ಹೋದ ವರ್ಷ ನಮ್ಮ ಕಡೆಯ ಒಂದು ಜಾತ್ರೆಯಲ್ಲಿ ತೂಗುವ ದೋಣಿಯ ತುದಿ ಸೀಟಿನಲ್ಲಿ ಕೂರಿಸಿದ್ದರು. ಸರಳಿಗೆ ಪಿನ್ ಇರಲಿಲ್ಲ, ಬೈಂಡಿಂಗ್ ವೈರ್ ಸುತ್ತಿದ್ದರು. ಪಕ್ಕದಲ್ಲಿ ಜನರೇಟರಿನ ಕೇಬಲ್ ಹಸಿ ಮಣ್ಣಿನಲ್ಲಿ ಬಿದ್ದಿತ್ತು, ಜಾಯಿಂಟಿಗೆ ಟೇಪೂ ಇರಲಿಲ್ಲ, ಮಕ್ಕಳು ಅದನ್ನು ದಾಟಿ ಹೋಗುತ್ತಿದ್ದರು. ನಾನು ಕೂಗಿ ನಿಲ್ಲಿಸಿ ಇಳಿಸಿಕೊಂಡೆ. ಆದರೆ ಉಳಿದ ಮಕ್ಕಳು ಕೂತೇ ಇದ್ದರು, ದೋಣಿ ಹೊರಟಿತು. ನಾನು ಬರೀ ನನ್ನ ಮಗುವನ್ನು ಇಳಿಸಿಕೊಂಡು ಬಂದೆ, ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ಪುಣೆಯಿಂದ ಹೈದರಾಬಾದಿಗೆ ಹೋಗುವ ರೈಲು ನಮ್ಮೂರಿನ ಮೇಲೇ ಹಾದು ಹೋಗುತ್ತದೆ. ಅಕ್ಕ ಸ್ಟೇಷನ್ನಿಗೆ ಬಂದು ಕಿಟಕಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕೊಟ್ಟು ಹೋದಳು. ಹೈದರಾಬಾದಿನಲ್ಲಿ ರಾವಿರ್ಯಾಲದ ವಂಡರ್‌ಲಾ. ಅಲ್ಲಿನ ರಿಕಾಯಿಲ್ ಅನ್ನುವ ಕೋಸ್ಟರ್ ಗಾಡಿಯನ್ನು ಮೊದಲು ಹಿಂದಕ್ಕೆ ಎಳೆದು ಬಿಡುತ್ತದೆ, ಮೂರು ಸಲ ತಲೆಕೆಳಗಾಗಿ ಆ ತುದಿ ಮುಟ್ಟುತ್ತೀರಿ, ಅಲ್ಲಿಂದ ಅದೇ ದಾರಿಯಲ್ಲಿ ಹಿಮ್ಮುಖವಾಗಿ ಮತ್ತೆ ಮೂರು ಸಲ. ಏನು ಬರುತ್ತಿದೆ ಅಂತ ಕಾಣದೇ ಇರುವುದರಿಂದ ವಾಪಸ್ ಬರುವುದೇ ಜಾಸ್ತಿ ಭಯ. ಇಲ್ಲೂ ಪ್ರತಿ ಸರಳನ್ನು ಇಬ್ಬರು ಬೇರೆ ಬೇರೆಯಾಗಿ ಎಳೆದು ನೋಡಿದರು. ಕೊನೆ ದಿನ ಸ್ನೋ ವರ್ಲ್ಡ್, ಸೊಸೆಗೋಸ್ಕರ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಮಂಜಿನ ಜಾರುಬಂಡಿ, ಅವಳ ಅಳು ಅಲ್ಲಿಗೆ ಮರೆತುಹೋಯಿತು.

ಜಾತ್ರೆಯವರನ್ನು ದೂರಲು ನಾನು ಈ ಪತ್ರ ಬರೆಯುತ್ತಿಲ್ಲ. ಆ ಕೆಲಸಗಾರರ ಕಷ್ಟ ನನಗೆ ಗೊತ್ತು, ಅವರ ಮೋಟರುಗಳು ನನ್ನ ಅಂಗಡಿಗೂ ಬರುತ್ತವೆ. ಪಾರ್ಕಿನ ಯಂತ್ರ ಒಂದೇ ಕಡೆ ಕಾಂಕ್ರೀಟಿನಲ್ಲಿ ನಿಂತಿರುತ್ತದೆ. ಜಾತ್ರೆಯ ತೊಟ್ಟಿಲನ್ನು ಬಿಚ್ಚಿ, ಲಾರಿಗೆ ಹೇರಿ, ಇನ್ನೊಂದೂರಿನ ಎರೆ ಮಣ್ಣಿನ ಮೇಲೆ ಹಲಗೆ ಇಟ್ಟು ಮತ್ತೆ ಕಟ್ಟುತ್ತಾರೆ. ವರ್ಷಕ್ಕೆ ಎಷ್ಟು ಸಲ ಅದೇ ಬೋಲ್ಟು ಬಿಚ್ಚಿ ಬಿಗಿಯಬೇಕು, ಥ್ರೆಡ್ ಸವೆಯದೆ ಇರುತ್ತದಾ? ಹಾಗಾದರೆ ಜಾಸ್ತಿ ತಪಾಸಣೆ ಇದಕ್ಕೇ ಬೇಕು ಅಲ್ವಾ? 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗುವ ರೈಡ್ ಮುರಿದು ಬಿದ್ದು ಇಬ್ಬರು ಸತ್ತರು. ಅದು ಕಾಯಂ ಆಗಿ ಒಂದೇ ಜಾಗದಲ್ಲಿದ್ದ ರೈಡ್, ಅದಕ್ಕೇ ಹೀಗಾದರೆ ಬಿಚ್ಚಿ ಕಟ್ಟುವ ತೊಟ್ಟಿಲಿನ ಗತಿ ಏನು? ಹಳೇ ಯಂತ್ರ ಅಂದರೆ ಅಪಾಯ ಅಂತಲೂ ಇಲ್ಲ. ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ 1927ರಲ್ಲಿ ಕಟ್ಟಿದ ಮರದ ಕೋಸ್ಟರ್ ಈಗಲೂ ಜನರನ್ನು ಹೊತ್ತು ಓಡುತ್ತಿದೆ.

ನಮ್ಮ ಕಡೆ ಪಾರ್ಕಿನ ಟಿಕೆಟ್ಟು, ರೈಲು ಚಾರ್ಜು, ಲಾಡ್ಜು ಎಲ್ಲ ಕೊಟ್ಟು ಹೋಗಿ ಬರುವ ಮನೆಗಳು ಕಡಿಮೆ. ನಾನೂ ಎರಡು ವರ್ಷ ಹಣ ಕೂಡಿಟ್ಟೇ ಹೋಗಿದ್ದು. ಹೋಳಿ ಆದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆ, ಬಂದೇನವಾಜರ ಉರುಸು, ಯಾದಗಿರಿ ಕಡೆಯ ಮೈಲಾಪುರ, ಬೀದರ್ ಕಡೆಯ ಮೈಲಾರ, ನಮ್ಮ ಮಕ್ಕಳ ಪಾರ್ಕು ಇವೇ. ತೊಟ್ಟಿಲು ಬೇಡ ಅಂತ ದಯವಿಟ್ಟು ಯಾರೂ ಹೇಳಬೇಡಿ. ನಾನು ಮೊದಲ ಸಲ ಇಡೀ ಊರನ್ನು ಮೇಲಿಂದ ನೋಡಿದ್ದೂ ಅಂಥ ತೊಟ್ಟಿಲಲ್ಲೇ, ಅಪ್ಪನ ತೊಡೆಯ ಮೇಲೆ ಕೂತು.

ಜಾಗ ಹರಾಜು ಹಾಕುವಾಗಲೇ, ಅದು ಪಾಲಿಕೆ ಇರಲಿ, ಪಂಚಾಯಿತಿ ಇರಲಿ, ಜಾತ್ರಾ ಸಮಿತಿ ಇರಲಿ, ಒಬ್ಬ ಮೆಕ್ಯಾನಿಕಲ್ ಇಂಜಿನಿಯರ್ ಮತ್ತು ವಿದ್ಯುತ್ ಪರಿವೀಕ್ಷಕರು ನೋಡಿ ಸಹಿ ಹಾಕಿದ ಮೇಲೇ ರೈಡ್ ಓಡಬೇಕು ಅಂತ ಷರತ್ತು ಬರೆಯಿರಿ. ಆ ಸಹಿಯ ಹಾಳೆ ಟಿಕೆಟ್ ಕೌಂಟರಿನ ಮೇಲೆ ಎಲ್ಲರಿಗೂ ಕಾಣುವಂತೆ ಅಂಟಿಸಿರಲಿ, ತಾರೀಖಿನ ಜೊತೆ. ದಿನಾ ಬೆಳಿಗ್ಗೆ ಖಾಲಿ ಓಡಿಸಿ ನೋಡಲಿ. ಮಳೆ ಬಂದರೆ, ಗಾಳಿ ಎದ್ದರೆ ನಿಲ್ಲಿಸಲಿ. ಎತ್ತರದ ಗುರುತಿಗೆ ಖರ್ಚೇನು, ಒಂದು ಬಿದಿರು ಮತ್ತು ಒಂದು ಪಟ್ಟಿ ಬಣ್ಣ. ಪಾಲಕರಲ್ಲೂ ನನ್ನ ವಿನಂತಿ, ನಿಮ್ಮ ಮಗು ಅಳುತ್ತದೆ ಅಂತ ರೈಡ್ ನಡೆಸುವ ಹುಡುಗನ ಜೊತೆ ಜಗಳ ಮಾಡಿ ಹತ್ತಿಸಬೇಡಿ.

ಅರ್ಥಿಂಗ್ ಮತ್ತು ಕೇಬಲ್ ನೋಡುವ ಕೆಲಸಕ್ಕೆ ಜನ ಸಾಲದಿದ್ದರೆ ನಮ್ಮ ಊರಿನಲ್ಲಿ ನನ್ನಂಥ ವೈಂಡಿಂಗ್ ಅಂಗಡಿಯವರು ಇದ್ದೇವೆ. ನಾನು ಒಂದು ರೂಪಾಯಿ ತೆಗೆದುಕೊಳ್ಳುವುದಿಲ್ಲ. ಮುಂದಿನ ಜಾತ್ರೆಗೆ ಬೆಳಿಗ್ಗೆ ಆರಕ್ಕೆ ಕರೆದರೂ ಕೇಬಲ್ಲಿನ ಇನ್ಸುಲೇಶನ್ ಪರೀಕ್ಷಿಸುವ ಮೆಗ್ಗರ್ ಮೀಟರ್ ಹಿಡಿದುಕೊಂಡು ಬರುತ್ತೇನೆ.

ಇಂತಿ,
ನಿಮ್ಮ ಓದುಗ, ಕಲಬುರಗಿ