ಚೀನಾದ ಟಾನಿಕ್ಕೂ ಔಷಧಾನ ಐತ್ರಿ, ಡಾಕ್ಟರಿಗೆ ತೋರಿಸಿ ತಗೋರಿ

ಸಂಪಾದಕರಿಗೆ ನಮಸ್ಕಾರ್ರೀ,

ನಾನು ಬಾಗಲಕೋಟೆ ನವನಗರದಾಗ ಮೆಡಿಕಲ್ ಅಂಗಡಿ ನಡಸ್ತೀನಿ. ಹೋದ ತಿಂಗಳ ನಮ್ಮ ಕಾಯಂ ಗಿರಾಕಿ ಒಬ್ಬರು ಅಜ್ಜಿ ಬಂದ್ರು, ಹಾರ್ಟಿನ ವಾಲ್ವ್ ಬದಲಿ ಮಾಡಿಸ್ಕೊಂಡವ್ರು, ರಕ್ತ ಹೆಪ್ಪುಗಟ್ಟದಂಗ ತಡ್ಯೂ ವಾರ್ಫರಿನ್ ಗುಳಿಗಿ ದಿನಾ ತಗೋತಾರ. ಕೈಮ್ಯಾಲೆ ನೀಲಿಗಟ್ಟಿದ್ದು ತೋರ್ಸಿ ಮುಲಾಮು ಕೊಡಪಾ ಅಂದ್ರು. ಎಲ್ಲೂ ಬಿದ್ದಿಲ್ಲ, ಬಡಕೊಂಡಿಲ್ಲ. ಮತ್ತೇನರ ಹೊಸಾ ಔಷಧ ತಗೋಳಾಕತ್ತೀರೇನಬೇ ಅಂತ ಕೇಳಿದ್ರ, "ಔಷಧ ಏನಿಲ್ಲಪಾ, ಮೊಮ್ಮಗ ಶಕ್ತಿಗಂತ ಚೀನಾದ ಬೇರಿನ ಟಾನಿಕ್ ಆನ್‌ಲೈನ್ ತರಿಸ್ಯಾನ, ಅದನ್ನ ಕುಡೀತೀನಿ" ಅಂದ್ರು. ಡಬ್ಬಿ ತರಿಸಿ ನೋಡಿದ್ರ ಡಾಂಗ್ ಕ್ವಾಯ್ ಅನ್ನೂ ಬೇರು ಇತ್ತು, ಅದು ವಾರ್ಫರಿನ್ ಜೋಡಿ ಹೊಟ್ಟಿಗೆ ಹೋದ್ರ ರಕ್ತ ಹೆಪ್ಪುಗಟ್ಟೂದು ಇನ್ನಷ್ಟು ಕಡಿಮಿ ಆಗಿ ಒಳಗೊಳಗ ರಕ್ತ ಸೋರಬಹುದು. ಅವತ್ತ ಡಾಕ್ಟರ್ ಕಡೆ ಕಳಿಸಿದೆ, ರಕ್ತ ಹೆಪ್ಪುಗಟ್ಟಾಕ ಎಷ್ಟು ಹೊತ್ತು ಹಿಡೀತೈತಿ ಅಂತ ತೋರ್ಸೂ ಐಎನ್‌ಆರ್ ಏರಿತ್ತು, ಟಾನಿಕ್ ಬಿಡಿಸಿದ್ರು, ಈಗ ಆರಾಮ ಅದಾರ. ಆದ್ರ "ಔಷಧ ಏನಿಲ್ಲಪಾ" ಅಂದ ಆ ಮಾತು ನನ್ನ ತಲ್ಯಾಗಿಂದ ಹೋಗವಲ್ದು, ಅದಕ್ಕ ಈ ಪತ್ರ.

ಚೀನಾದ ವೈದ್ಯ ಪದ್ಧತಿ ಸಾವಿರಾರು ವರ್ಷದ್ದು, ಅದನ್ನ ನಾನು ಬೈಯಾಕತ್ತಿಲ್ಲ. ಆ ಪದ್ಧತಿಯವ್ರ ಹೇಳ್ತಾರ, ಟಾನಿಕ್ ನಿಶ್ಶಕ್ತಿ ಇದ್ದವ್ರಿಗೆ ಮಾತ್ರ, ನಾಡಿ ನಾಲಿಗಿ ನೋಡಿ ಕೊಡಬೇಕು, ನೆಗಡಿ ಜ್ವರ ಇದ್ದಾಗ ಕೊಡಬಾರ್ದು, ಕೊಟ್ರ ಕಳ್ಳನ್ನ ಒಳಗ ಇಟ್ಟು ಬಾಗಲಾ ಹಾಕ್ದಂಗ ಅಂತ. ಇಲ್ಲಿ ಮಾರೋರು ಈ ಮಾತನ್ನ ಬಿಟ್ಟು ಬರೇ ಡಬ್ಬಿ ಮಾರ್ತಾರ.

ಜಿನ್ಸೆಂಗ್ ಎಲ್ಲಾರಿಗೂ ಗೊತ್ತೈತಿ. ಅದು ಶುಗರ್ ಇಳಿಸಬಹುದು, ಗುಳಿಗಿ ಇಲ್ಲಾ ಇನ್ಸುಲಿನ್ ತಗೋಳೋರು ಅದರ ಮ್ಯಾಲೆ ಇದನ್ನೂ ತಗೊಂಡ್ರ ಶುಗರ್ ಪೂರ್ತಿ ಕೆಳಗ ಬಿದ್ದು ಕಣ್ಣಿಗೆ ಕತ್ತಲಿ ಬರೂ ಅಪಾಯ ಐತಿ. ವಾರ್ಫರಿನ್ ತಗೋಳೋರಿಗೆ ಇದು ಉಲ್ಟಾ ಕೆಲಸಾ ಮಾಡಿ ಗುಳಿಗಿ ಜೋರ ಕಡಿಮಿ ಮಾಡಬಹುದು, ಅಂದ್ರ ಒಂದ ಗುಳಿಗಿಗೆ ಒಂದು ಬೇರು ಹಿಂಗ, ಇನ್ನೊಂದು ಬೇರು ಹಂಗ. ಇನ್ನ ಜ್ಯೇಷ್ಠಮಧು, ನಾವೂ ಕೆಮ್ಮಿಗೆ ಜಗೀತೀವಿ ಅಂತ ಯಾರೂ ಹೆದರೂದಿಲ್ಲ, ಆದ್ರ ಚೀನಾದ ಎಷ್ಟೋ ಔಷಧದಾಗ ಅದು ಇರ್ತೈತಿ, ದಿನಾ ಜಾಸ್ತಿ ಹೊಟ್ಟಿಗೆ ಹೋದ್ರ ಬಿಪಿ ಏರ್ತೈತಿ, ಪೊಟ್ಯಾಶಿಯಂ ಇಳೀತೈತಿ, ಮೂತ್ರ ಹೋಗೂ ಗುಳಿಗಿ ಇಲ್ಲಾ ಡಿಗಾಕ್ಸಿನ್ ಅನ್ನೂ ಹಾರ್ಟಿನ ಗುಳಿಗಿ ತಗೋಳೋರಿಗೆ ಹಾರ್ಟ್ ಬಡಿತಾನ ತಪ್ಪಬಹುದು. ಕೂದಲ ಕರೇ ಆಗ್ತಾವ ಅಂತ ಹೇಳಿ ಮಾರೂ ಹೆ ಶೌ ವು ಬೇರಿನಿಂದ ಲಿವರ್ ಕೆಟ್ಟವ್ರು ಅದಾರ. ಬಸರಿ ಹೆಣ್ಣಮಕ್ಕಳು, ಹಾಲು ಕುಡಿಸೋರು, ಕಿಡ್ನಿ ಬದಲಿ ಮಾಡಿಸ್ಕೊಂಡವ್ರು ತಾವಾಗೇ ಇವನ್ನ ಮುಟ್ಟಲೇಬಾರ್ದು.

ಒಂದು ಬೇರಿನ ಬದಲಿ ಇನ್ನೊಂದು ಬೇರು ತಪ್ಪಿ ಬಂದ್ರ ಏನಾಕ್ಕತಿ ಅನ್ನೂದಕ್ಕ ಬೆಲ್ಜಿಯಂ ನೋಡ್ರಿ. 1990ರ ಸುಮಾರಿಗೆ ಬ್ರಸೆಲ್ಸ್‌ನಾಗ ತೂಕ ಇಳಿಸಾಕ ಕೊಟ್ಟ ಗುಳಿಗ್ಯಾಗ ಹೆಸರು ಹೋಲ್ತೈತಿ ಅಂತ ಒಂದು ಚೀನೀ ಬೇರಿನ ಬದಲಿ ಇನ್ನೊಂದು ಸೇರಿ, 100ಕ್ಕೂ ಹೆಚ್ಚು ಹೆಣ್ಣಮಕ್ಕಳ ಕಿಡ್ನಿ ಹಾಳಾದ್ವು, ಕೆಲವ್ರಿಗೆ ಆಮ್ಯಾಲೆ ಕ್ಯಾನ್ಸರೂ ಬಂತು. ಸೇರಿದ್ದು ಅರಿಸ್ಟೊಲೋಕಿಯಾ, ನಮ್ಮ ಕಡೆ ಈಶ್ವರಿ ಬಳ್ಳಿ ಅಂತೀವಲ್ಲ, ಅದರ ಜಾತೀದ.

ಇನ್ನೊಂದು ಮಾತು, ಆಪರೇಶನ್ ಇದ್ದವ್ರು ಕನಿಷ್ಠ ಎರಡು ವಾರ ಮೊದ್ಲ ಈ ಬೇರು, ಟಾನಿಕ್ ಬಿಡಬೇಕು, ಮತ್ತ ತಗೋತಿದ್ದೆ ಅನ್ನೂದನ್ನ ಡಾಕ್ಟರಿಗೆ ಹೇಳಲೇಬೇಕು. ನಮ್ಮಲ್ಲಿ ಬೈತಾರ ಅಂತ ಹೆದರಿ ಮುಚ್ಚಿಡ್ತಾರ, ಇದು ನನಗ ಭಾಳ ಸಂಕಟ ಅನ್ನಿಸ್ತೈತಿ.

ನಿಮ್ಮ ಆರೋಗ್ಯದ ಪುಟದಾಗ ಡಾಕ್ಟರ ಕಡಿಂದ ಈ ವಿಷಯ ವಿವರವಾಗಿ ಬರೆಸ್ರಿ ಅಂತ ವಿನಂತಿ. ನವನಗರದ ಸುತ್ತಮುತ್ತ ಇರೋರು ಡಬ್ಬಿ ಮತ್ತ ಗುಳಿಗಿ ಚೀಟಿ ಎರಡೂ ತಗೊಂಡು ನನ್ನ ಅಂಗಡಿಗೆ ಬರ್ರಿ, ಒಳಗ ಏನೈತಿ ಅಂತ ರೊಕ್ಕಾ ತಗೋಳದ ಓದಿ ಹೇಳ್ತೀನಿ.

ಒಬ್ಬ ಮೆಡಿಕಲ್ ಅಂಗಡಿಯವ,
ನವನಗರ, ಬಾಗಲಕೋಟೆ