ಮಗಳಿಗೊಂದು ಪತ್ರ: ದಣಿದಾಗ ‘ಹೂಂ’ ಅನ್ನಬೇಡ

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. “ಅಪ್ಪಾ, ಇನ್ನೂ ಎಷ್ಟು ದಿನ ಕಾಯಲಿ? ದೇವರಿಗೆ ನಾನು ನೆನಪಿದ್ದೀನಾ?” ಆಗ ನನಗೆ ಏನು ಹೇಳಬೇಕೋ ತೋಚಲಿಲ್ಲ. ಸುಮ್ನೆ “ಎಲ್ಲ ಸರಿಹೋಗುತ್ತೆ” ಅಂದುಬಿಟ್ಟೆ. ಆ ಮಾತು ನನಗೇ ಸಪ್ಪೆ ಅನ್ನಿಸಿತು. ಅದಕ್ಕೇ ಬೆಳಿಗ್ಗೆ ಎದ್ದವನೇ ಬರೆಯಲು ಕೂತಿದ್ದೇನೆ.

ನಿನ್ನ ಓದು ಮುಗಿದು ಒಂದೂವರೆ ವರ್ಷವಾಯಿತು. ಎಷ್ಟೊಂದು ಅರ್ಜಿ, ಎಷ್ಟೊಂದು ಇಂಟರ್‌ವ್ಯೂ. ಈಗ ನಿನ್ನ ಗೆಳತಿ ಒಂದು ದಾರಿ ಹೇಳಿಕೊಟ್ಟಿದ್ದಾಳೆ. ಎರಡು ವರ್ಷ ಎಲ್ಲೋ ದುಡಿದ ಹಾಗೆ ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಕೆಲಸ ಸಿಕ್ಕೇ ಸಿಗುತ್ತದಂತೆ. “ಎಲ್ಲರೂ ಮಾಡ್ತಾರೆ ಅಪ್ಪಾ” ಅಂದೆ. ನಿನ್ನ ದನಿಯಲ್ಲಿ ಆಸೆ ಇರಲಿಲ್ಲ ಕಂದಾ, ಬರೀ ದಣಿವಿತ್ತು. ನನಗೆ ಭಯ ಆಗಿದ್ದು ಅದಕ್ಕೇ. ಆಸೆಗೆ ಬಿದ್ದು ತಪ್ಪು ಮಾಡುವವರಿಗಿಂತ ಕಾದು ಕಾದು ಸಾಕಾಗಿ ತಪ್ಪು ಮಾಡುವವರೇ ಜಾಸ್ತಿ ಅಂತ ನನಗನ್ನಿಸುತ್ತದೆ.

ಇಸ್ರಾಯೇಲಿನ ಮೊದಲ ಅರಸ ಸೌಲನನ್ನೇ ನೋಡು. ಸತ್ಯವೇದದ 1 ಸಮುವೇಲ 13ನೇ ಅಧ್ಯಾಯವನ್ನು ಇವತ್ತು ಒಮ್ಮೆ ತೆಗೆದು ಓದು. “ಏಳು ದಿನ ಕಾದಿರು, ನಾನು ಬರುತ್ತೇನೆ” ಅಂತ ಪ್ರವಾದಿ ಸಮುವೇಲ ಹೇಳಿದ್ದ. ಗಿಲ್ಗಾಲಿನಲ್ಲಿ ಸೌಲ ಕಾದ. ಎದುರಿಗೆ ಫಿಲಿಷ್ಟಿಯರ ದಂಡು, ಸಮುದ್ರತೀರದ ಮರಳಿನ ಹಾಗೆ. ಇವನ ಜನ ಹೆದರಿ ಗವಿಗಳಲ್ಲಿ, ಪೊದೆಗಳಲ್ಲಿ ಅಡಗಿಕೊಂಡರು. ಜೊತೆಗಿದ್ದವರೂ ಒಬ್ಬೊಬ್ಬರಾಗಿ ಜಾರಿಕೊಂಡರು. ಮೊದಲು 3000 ಜನರನ್ನು ಆರಿಸಿಕೊಂಡವನ ಹತ್ತಿರ ಕೊನೆಗೆ ಉಳಿದದ್ದು ಸುಮಾರು 600 ಜನ. ಅವನು ಕಾಯಲೇ ಇಲ್ಲ ಅಂತ ಅನ್ನುವ ಹಾಗಿಲ್ಲ. ಏಳನೆಯ ದಿನದವರೆಗೂ ಕಾದ. ಆಮೇಲೆ ತಡೆಯಲಾರದೆ, ಸಮುವೇಲ ಬಂದು ಅರ್ಪಿಸಬೇಕಿದ್ದ ಸರ್ವಾಂಗಹೋಮದ ಬಲಿಯನ್ನು ತಾನೇ ಅರ್ಪಿಸಿಬಿಟ್ಟ. ಅದು ಮುಗಿದದ್ದೇ ತಡ, ಸಮುವೇಲ ಬಂದ.

ಅಲ್ಲಿಗೆ ಬಂದಾಗಲೆಲ್ಲ ನನಗೆ ಎದೆ ಚುರ್ ಅನ್ನುತ್ತದೆ. ಇನ್ನು ಸ್ವಲ್ಪ ಹೊತ್ತು, ಅಷ್ಟೇ ಅಲ್ವಾ? ಸೌಲ ಕೊಟ್ಟ ಕಾರಣಗಳನ್ನೂ ನೋಡು. ಜನ ಚದರಿಹೋಗುತ್ತಿದ್ದರು. ಸಮುವೇಲ ಹೇಳಿದ ಹೊತ್ತಿಗೆ ಬರಲಿಲ್ಲ. ವೈರಿಗಳು ಸೇರಿಬಿಟ್ಟಿದ್ದರು. ಒಂದೂ ಸುಳ್ಳಲ್ಲ. ನಿನ್ನ ಕಾರಣಗಳೂ ಸುಳ್ಳಲ್ಲ ಅಂತ ನನಗೆ ಗೊತ್ತು.

ನಿನಗೆ ಇದುವರೆಗೂ ಹೇಳದ ಒಂದು ವಿಷಯ ಇವತ್ತು ಹೇಳುತ್ತೇನೆ. ನಿನಗೆ ಐದು ವರ್ಷವಿದ್ದಾಗ ನಾನು ಹನ್ನೊಂದು ತಿಂಗಳು ಕೆಲಸವಿಲ್ಲದೆ ಮನೆಯಲ್ಲಿದ್ದೆ. ಆದರೂ ದಿನಾ ಸಂಜೆ ನಾಳೆಗೆ ಅಂತ ಒಂದು ಅಂಗಿಗೆ ಇಸ್ತ್ರಿ ಹಾಕಿಡುತ್ತಿದ್ದೆ. ನೀನು ಪಕ್ಕದಲ್ಲೇ ನಿಂತಿರುತ್ತಿದ್ದೆ. ನಾನು ಇಸ್ತ್ರಿಪೆಟ್ಟಿಗೆ ಎತ್ತಿಟ್ಟ ಕೂಡಲೇ ಅಂಗಿಗೆ ಕೆನ್ನೆ ಒತ್ತಿ “ಬೆಚ್ಚಗಿದೆ ಅಪ್ಪಾ” ಅನ್ನುತ್ತಿದ್ದೆ. ಒಂದು ಸಂಜೆ ಇನ್ನು ಯಾಕೆ ಅನ್ನಿಸಿ ಇಸ್ತ್ರಿ ಹಾಕುವುದನ್ನು ಬಿಟ್ಟೆ. ಅದೇ ವಾರ ಒಬ್ಬರು ಲೆಕ್ಕ ಬರೆಯಲು ಕರೆದರು. ಅಲ್ಲಿ ಎರಡು ಪುಸ್ತಕ. ಒಂದು ನಿಜವಾದ ಲೆಕ್ಕ, ಇನ್ನೊಂದು ತೋರಿಸುವುದಕ್ಕೆ. ಮೊದಲ ದಿನವೇ ಗೊತ್ತಾಯಿತು. ಗೊತ್ತಾದರೂ ಮನೆಗೆ ಬಂದು ಅಮ್ಮನಿಗೆ “ದೇವರೇ ಬಾಗಿಲು ತೆರೆದ” ಅಂದೆ.

ಎಂಟು ತಿಂಗಳು ಬರೆದೆ. ಸಂಬಳ ಬರುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ. ಭಾನುವಾರ ಸಭೆಯಲ್ಲಿ ಎಲ್ಲರ ಜೊತೆ ಕರ್ತನ ಪ್ರಾರ್ಥನೆ ಹೇಳುವಾಗ “ಅನುದಿನದ ಆಹಾರ” ಅನ್ನುವಲ್ಲಿಗೆ ಬಂದರೆ ನನ್ನ ಬಾಯಿ ಕಟ್ಟಿಹೋಗುತ್ತಿತ್ತು. ಅದನ್ನು ಕೊಡು ಅಂತ ದೇವರನ್ನು ಕೇಳಬೇಕಾದವನು ಬೇರೆ ಕಡೆಯಿಂದ ತಂದುಕೊಂಡಿದ್ದೆನಲ್ಲ. ಕೊನೆಗೆ ಒಂದು ದಿನ ಎರಡೂ ಪುಸ್ತಕಗಳನ್ನು ಮೇಜಿನ ಮೇಲಿಟ್ಟು ಎದ್ದು ಬಂದೆ. ಅಮ್ಮ ಏನೂ ಕೇಳಲಿಲ್ಲ. ಅವತ್ತು ಸಂಜೆ ಇಸ್ತ್ರಿಪೆಟ್ಟಿಗೆ ತಂದು ನನ್ನ ಮುಂದಿಟ್ಟಳು. ಆಮೇಲೂ ನಾಲ್ಕು ತಿಂಗಳು ಕಾದೆವು. ಕೈ ಬರಿದಾಗಿತ್ತು, ಆದರೆ ರಾತ್ರಿ ಕಣ್ಣು ತುಂಬ ನಿದ್ದೆ ಬರುತ್ತಿತ್ತು.

ಹಾಗಂತ ಹಲ್ಲುಕಚ್ಚಿ ಸುಮ್ಮನಿರು ಅಂತ ನಾನು ಹೇಳುವುದಿಲ್ಲ. “ದೇವರ ಸಮಯ ಬಂದಾಗ ಆಗುತ್ತೆ ಬಿಡು” ಅಂತ ನೋವಿನಲ್ಲಿರುವವರಿಗೆ ಥಟ್ಟನೆ ಹೇಳಿ ಹೋಗುವುದು ನನಗೆ ಹಿಡಿಸುವುದಿಲ್ಲ. ನೀನು ನಿನ್ನೆ ಕೇಳಿದ್ದನ್ನೇ ದಾವೀದ 13ನೇ ಕೀರ್ತನೆಯಲ್ಲಿ ಕೇಳಿದ್ದಾನೆ. ನನ್ನನ್ನು ಮರೆತೇಬಿಟ್ಟೆಯಾ, ಇನ್ನೆಷ್ಟು ಕಾಲ ಅಂತ. ಎರಡೇ ವಚನಗಳಲ್ಲಿ ನಾಲ್ಕು ಸಾರಿ “ಇನ್ನೆಷ್ಟು ಕಾಲ”! ಅದು ಸತ್ಯವೇದದಲ್ಲೇ ಇರುವಾಗ ನೀನು ಕೇಳಿದ್ದು ಅಪನಂಬಿಕೆ ಹೇಗಾಗುತ್ತದೆ? ಅದೂ ಪ್ರಾರ್ಥನೆಯೇ. ನನ್ನ ಹತ್ತಿರ ಅತ್ತ ಹಾಗೆ ಆತನ ಹತ್ತಿರವೂ ಅಳು.

ಬೇಥಾನ್ಯದಲ್ಲಿ ಮಾರ್ಥಳೂ ಸುಮ್ಮನಿರಲಿಲ್ಲ. ತಮ್ಮ ಲಾಜರನಿಗೆ ಕಾಯಿಲೆ ಅಂತ ಹೇಳಿಕಳಿಸಿದರೂ ಯೇಸು ಇದ್ದ ಕಡೆಯೇ ಇನ್ನೂ ಎರಡು ದಿನ ಉಳಿದ. ಬರುವಷ್ಟರಲ್ಲಿ ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನವಾಗಿತ್ತು. “ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ” ಅಂತ ಅವಳು ನೇರವಾಗಿಯೇ ಹೇಳಿದಳು. ಆತ ಗದರಲಿಲ್ಲ. ಆ ಎರಡು ದಿನ ಯಾಕೆ ತಡವಾಯಿತು ಅಂತ ಅವಳಿಗೆ ಲೆಕ್ಕವನ್ನೂ ಒಪ್ಪಿಸಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಸಾವಿನಿಂದ ಎಬ್ಬಿಸುತ್ತೇನೆ ಅಂತ ಆತನಿಗೆ ಗೊತ್ತಿತ್ತು. ಆದರೂ ಮಾರ್ಥಳ ತಂಗಿ ಮರಿಯಳು ಅಳುವುದನ್ನು ಕಂಡು ತಾನೂ ಕಣ್ಣೀರಿಟ್ಟ. ತಡ ಮಾಡಿದವನೇ ಅತ್ತ. ಇದನ್ನು ನಾನು ಪೂರ್ತಿ ಅರ್ಥ ಮಾಡಿಕೊಂಡಿಲ್ಲ. ಆದರೆ ನನ್ನ ಕೆಟ್ಟ ದಿನಗಳಲ್ಲಿ ಇದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ನಮ್ಮ ಕನ್ನಡ ಸತ್ಯವೇದದಲ್ಲಿ “ನಂಬಿಕೆ, ನಿರೀಕ್ಷೆ, ಪ್ರೀತಿ” ಅಂತ ಇದೆಯಲ್ಲ, ಆ ನಿರೀಕ್ಷೆ ಅನ್ನುವ ಮಾತು ನನಗೆ ತುಂಬ ಇಷ್ಟ. ಕಾಯುವುದಕ್ಕೂ ಅದೇ ಮಾತು, ಭರವಸೆಗೂ ಅದೇ ಮಾತು. ಯಾರಾದರೂ ಬರುತ್ತಾರೆ ಅಂತ ಬಾಗಿಲ ಕಡೆ ನೋಡುತ್ತಾ ಕೂತವರಿಗೂ ಸುಮ್ಮನೆ ಕೂತವರಿಗೂ ವ್ಯತ್ಯಾಸವಿದೆ.

ಯೋಸೇಫನ ಕಥೆ ನಿನಗೆ ಭಾನುವಾರದ ಶಾಲೆಯಿಂದಲೇ ಗೊತ್ತು. ಕನಸು ಕಂಡಾಗ 17 ವರ್ಷ, ಐಗುಪ್ತದ ಅರಸ ಫರೋಹನ ಮುಂದೆ ನಿಂತಾಗ 30. ನಡುವಿನ ಒಂದು ಸಂಗತಿಯನ್ನು ನಾವು ಓದಿ ಮುಂದೆ ಹೋಗಿಬಿಡುತ್ತೇವೆ. ಸೆರೆಮನೆಯಲ್ಲಿ ಒಂದು ಬೆಳಿಗ್ಗೆ ಅವನು ಇಬ್ಬರು ಕೈದಿಗಳ ಮುಖ ನೋಡಿ “ಇವತ್ತು ಯಾಕೆ ನಿಮ್ಮ ಮುಖ ಬಾಡಿದೆ?” ಅಂತ ಕೇಳುತ್ತಾನೆ. ತಾನೇ ಅನ್ಯಾಯವಾಗಿ ಒಳಗಿದ್ದವನು! ಅವರಲ್ಲಿ ಒಬ್ಬನಿಂದಲೇ ಮುಂದೆ ಬಾಗಿಲು ತೆರೆಯಿತು, ಅದೂ ಆ ಮನುಷ್ಯ ಅವನನ್ನು ಎರಡು ವರ್ಷ ಮರೆತ ಮೇಲೆ. ನಿನ್ನ ರೂಮಿನ ಹುಡುಗಿಗೆ ಜ್ವರ ಬಂದಾಗ ನೀನು ರಾತ್ರಿಯೆಲ್ಲ ಎದ್ದಿದ್ದೆ ಅಂತ ಅಮ್ಮ ಹೇಳಿದಳು. ಈ ಒಂದೂವರೆ ವರ್ಷ ನೀನು ಖಾಲಿ ಕೂತಿಲ್ಲ ಮಗಳೇ.

ಮುಂದಿನ ತಿಂಗಳೇ ಕೆಲಸ ಸಿಗುತ್ತದೆ ಅಂತ ನಾನು ಮಾತು ಕೊಡಲಾರೆ. ನಿನ್ನನ್ನು ಆತ ಮರೆತಿಲ್ಲ ಅಂತ ಮಾತ್ರ ಎದೆ ಮುಟ್ಟಿ ಹೇಳಬಲ್ಲೆ. ಆ ಸರ್ಟಿಫಿಕೇಟ್ ಬೇಡ. ಗೆಳತಿಗೆ ಹೇಳಲು ಸಂಕೋಚವಾದರೆ ಅಪ್ಪ ಬೇಡ ಅಂದರು ಅನ್ನು. ಖರ್ಚಿಗೆ ಕಷ್ಟವಾದರೆ ಮುಚ್ಚಿಡಬೇಡ, ಕೇಳು.

ಬುಧವಾರ ಇಂಟರ್‌ವ್ಯೂ ಇದೆ ಅಂದೆಯಲ್ಲ. ಅವತ್ತು ಬೆಳಿಗ್ಗೆ ಐದೂವರೆಗೆ ನಾನೂ ಅಮ್ಮನೂ ನಿನಗಾಗಿ ಮೊಣಕಾಲೂರಿರುತ್ತೇವೆ. ಮಂಗಳವಾರ ಸಂಜೆಯೇ ಬಟ್ಟೆಗೆ ಇಸ್ತ್ರಿ ಹಾಕಿಟ್ಟುಕೋ.

ನಿನ್ನ
ಅಪ್ಪ