ಪಟ್ಟಿ ಛಾಪಿಸಿದ್ರೆ ಸಾಲದು, ಸಂಬಂಧನೂ ಹುಡುಕಿ

ಮಾನ್ಯ ಸಂಪಾದಕರೇ,

2024ರ ಮಾರ್ಚ್ 14ಕ್ಕೆ ಪಕ್ಷಗಳಿಗೆ ದೇಣಿಗೆ ಕೊಡೋಕೆ ಇದ್ದ ಚುನಾವಣಾ ಬಾಂಡ್‌ಗಳ ಮಾಹಿತಿ ಹೊರಗೆ ಬಂದಾಗ ಇದ್ದಿದ್ದು ಎರಡು ಪಟ್ಟಿ, ಒಂದ್ರಲ್ಲಿ ಬಾಂಡ್ ಕೊಂಡವರು, ಇನ್ನೊಂದ್ರಲ್ಲಿ ಅದನ್ನ ನಗದು ಮಾಡ್ಕೊಂಡ ಪಕ್ಷಗಳು. ಯಾರ ದುಡ್ಡು ಯಾವ ಪಕ್ಷಕ್ಕೆ ಹೋಯ್ತು ಅನ್ನೋದು ಎರಡ್ರಲ್ಲೂ ಇರ್ಲಿಲ್ಲ. ಸುಪ್ರೀಂ ಕೋರ್ಟ್ ಬಿಗಿ ಮಾಡಿದ್ಮೇಲೆ ಮಾರ್ಚ್ 21ಕ್ಕೆ ಬಾಂಡ್ ನಂಬರ್ ಬಂತು, ಆಗ್ಲೇ ಎರಡು ಪಟ್ಟಿ ಒಂದಕ್ಕೊಂದು ಅಂಟಿಕೊಂಡಿದ್ದು. ಆಮೇಲೆ ನಾನು ಕನ್ನಡದಲ್ಲಿ ಓದಿದ ವರದಿಗಳಲ್ಲಿ ಹೆಚ್ಚಿನವು ಯಾರು ಎಷ್ಟು ಕೋಟಿ ಕೊಟ್ರು ಅನ್ನೋ ಹಂತಕ್ಕೇ ನಿಂತುಬಿಟ್ವು. ದೇಣಿಗೆ ಕೊಟ್ಟ ಎರಡು ಕಂಪನಿಗೆ ಒಬ್ಬರೇ ಡೈರೆಕ್ಟರ್ ಇದಾರಾ, ವಿಳಾಸ ಒಂದೇನಾ, ಅದೇ ಡೈರೆಕ್ಟರಿನ ಮೂರನೇ ಕಂಪನಿಗೆ ಟೆಂಡರ್ ಸಿಕ್ಕಿದ್ಯಾ ಅನ್ನೋದು ಮುಂದಿನ ಪ್ರಶ್ನೆ, ಮುಖ್ಯವಾದ ಪ್ರಶ್ನೆನೂ ಅದೇ.

ಇಂಥದ್ದನ್ನ ಎಕ್ಸೆಲ್ ಶೀಟಲ್ಲಿ ಹುಡುಕೋಕೆ ಹೋದ್ರೆ ಜೀವ ಹೋಗುತ್ತೆ. ಕೋಷ್ಟಕಗಳಲ್ಲಿರೋ ಡೇಟಾ ಹುಡುಕೋ ಎಸ್‌ಕ್ಯೂಎಲ್ ಭಾಷೆಯಲ್ಲಿ ಆಗಲ್ಲ ಅಂತಲ್ಲ, ಆದ್ರೆ ಒಂದೊಂದು ಕೊಂಡಿ ದಾಟೋಕೂ ಒಂದೊಂದು ಜಾಯಿನ್, ಅಂದ್ರೆ ಎರಡು ಕೋಷ್ಟಕ ಜೋಡಿಸೋ ಆದೇಶ, ಹಾಕ್ಬೇಕು, ಎಷ್ಟು ಕೊಂಡಿ ಅಂತ ಮೊದಲೇ ಗೊತ್ತಿಲ್ಲ ಅಂದ್ರೆ ಕ್ವೆರಿ (ಡೇಟಾಬೇಸಿಗೆ ಕೇಳೋ ಪ್ರಶ್ನೆ) ಬರೆದವರಿಗೇ ಅರ್ಥ ಆಗದಷ್ಟು ಗೋಜಲಾಗುತ್ತೆ. ಗ್ರಾಫ್ ಡೇಟಾಬೇಸಲ್ಲಿ ವ್ಯಕ್ತಿ, ಕಂಪನಿ, ವಿಳಾಸ ಎಲ್ಲಾ ಒಂದೊಂದು ನೋಡ್, ಅಂದ್ರೆ ಜಾಲದ ಒಂದು ಬಿಂದು, ಅವುಗಳ ಮಧ್ಯದ ಸಂಬಂಧನೇ ಒಂದು ಡೇಟಾ. ಸೈಫರ್ ಅನ್ನೋ ಕ್ವೆರಿ ಭಾಷೆಯಲ್ಲಿ ದುಂಡು ಬ್ರಾಕೆಟ್ ಒಳಗೆ ವ್ಯಕ್ತಿ, ಮಧ್ಯೆ ಒಂದು ಬಾಣದ ಗುರುತು, ಆಚೆ ಇನ್ನೊಂದು ಬ್ರಾಕೆಟಲ್ಲಿ ಕಂಪನಿ, ಅಂದ್ರೆ ಬೋರ್ಡ್ ಮೇಲೆ ಹೇಗೆ ಚಿತ್ರ ಬಿಡಿಸ್ತೀವೋ ಹಾಗೇ ಟೈಪ್ ಮಾಡೋದು. ಬಾಣದ ಮೇಲೆ ಒಂದರಿಂದ ಐದು ಹೆಜ್ಜೆ ಅಂತ ಬರೆದ್ರೆ ಅಷ್ಟು ದೂರದ ನಂಟು ಎಲ್ಲಾ ಹುಡುಕಿ ಕೊಡುತ್ತೆ.

ಪನಾಮಾ ಪೇಪರ್ಸ್ ತನಿಖೆ ನಡೆದಿದ್ದೂ ಹೀಗೇ. ವಿದೇಶಗಳಲ್ಲಿ ತೆರೆದ ಕಂಪನಿಗಳ ಬಗ್ಗೆ ಪನಾಮಾದ ಒಂದು ಕಾನೂನು ಸಂಸ್ಥೆಯಿಂದ ಸೋರಿ 2016ರಲ್ಲಿ ಹೊರಬಂದ ಆ ದಾಖಲೆಗಳ ರಾಶಿ 2.6 ಟೆರಾಬೈಟ್, 1.15 ಕೋಟಿ ದಾಖಲೆ, 2.14 ಲಕ್ಷ ಕಂಪನಿಗಳದ್ದು. ಐಸಿಐಜೆ ಅನ್ನೋ ಪತ್ರಕರ್ತರ ಒಕ್ಕೂಟ ಕಂಪನಿ, ಮಾಲೀಕರು, ಮಧ್ಯವರ್ತಿಗಳು, ವಿಳಾಸ ಇಷ್ಟನ್ನ ನಿಯೋ4ಜೆ ಅನ್ನೋ ಗ್ರಾಫ್ ಡೇಟಾಬೇಸಿಗೆ ಹಾಕ್ತು, ಲಿಂಕ್ಯೂರಿಯಸ್ ಅನ್ನೋ ಸಾಫ್ಟ್‌ವೇರ್ ಮೂಲಕ ಕ್ವೆರಿ ಬರೆಯೋಕೆ ಬರದ ವರದಿಗಾರರೂ ಒಂದು ಹೆಸರು ಒತ್ತಿ ಅದರ ಸುತ್ತಲಿನ ಜಾಲ ನೋಡೋ ಹಾಗಾಯ್ತು. ಐಸ್‌ಲ್ಯಾಂಡಿನ ಪ್ರಧಾನಿ ಕುರ್ಚಿ ಬಿಟ್ಟಿದ್ದು ಈ ಸೋರಿಕೆಯ ವರದಿಗಳಿಂದಲೇ. ಆ ಡೇಟಾದ ದೊಡ್ಡ ಭಾಗ ಈಗಲೂ ಉಚಿತವಾಗಿ ಡೌನ್‌ಲೋಡ್ ಮಾಡ್ಕೋಬಹುದು, ಕಲಿಯೋಕೆ ಇದಕ್ಕಿಂತ ಒಳ್ಳೇದು ಸಿಗಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕೇ ಬೇಕು. ನಂಟು ಕಾಣ್ತು ಅಂದ ತಕ್ಷಣ ತಪ್ಪು ಮಾಡಿದಾರೆ ಅಂತಲ್ಲ, ವಿದೇಶಿ ಕಂಪನಿ ಇಟ್ಕೊಳ್ಳೋಕೆ ಕಾನೂನುಬದ್ಧ ಕಾರಣಗಳೂ ಇರುತ್ತೆ ಅಂತ ಐಸಿಐಜೆಯೇ ಹೇಳುತ್ತೆ. ಜೊತೆಗೆ ನಮ್ಮ ಹೆಸರುಗಳ ಸಮಸ್ಯೆ, ಎನ್. ಮಂಜುನಾಥ್, ಮಂಜುನಾಥ ಎನ್ ಒಬ್ಬರೇನಾ ಇಬ್ಬರಾ ಅಂತ ಯಾವ ಕ್ವೆರಿ ಭಾಷೆನೂ ತಾನಾಗೇ ಹೇಳಲ್ಲ. ಅದಕ್ಕೇ ಡೈರೆಕ್ಟರಿಗೆ ಕೊಡೋ ಗುರುತಿನ ನಂಬರ್ ಡಿನ್, ಕಂಪನಿಯ ಗುರುತಿನ ನಂಬರ್ ಸಿಐಎನ್ ಇಂಥವು ಅಷ್ಟು ಮುಖ್ಯ. ಟೆಂಡರ್ ಮಾಹಿತಿ, ಅಭ್ಯರ್ಥಿಗಳ ಅಫಿಡವಿಟ್ ಏನೇ ಇರ್ಲಿ, ಸ್ಕ್ಯಾನ್ ಮಾಡಿದ ಪಿಡಿಎಫ್ ಬದಲು ಇಂಥ ನಂಬರ್ ಸಮೇತ ಕಂಪ್ಯೂಟರ್ ನೇರವಾಗಿ ಓದೋ ಸಿಎಸ್‌ವಿ ಫೈಲಲ್ಲಿ ಕೊಡಿ ಅಂತ ಸರ್ಕಾರವನ್ನ ಪತ್ರಿಕೆಗಳೇ ಕೇಳ್ಬೇಕು, ನಮ್ಮಂಥವರು ಕೇಳಿದ್ರೆ ಯಾರು ಕಿವಿಗೆ ಹಾಕ್ಕೋತಾರೆ.

ಕಲಿತಿದ್ದು ನಾಳೆ ಹಳೇದಾಗುತ್ತೆ ಅನ್ನೋ ಭಯನೂ ಬೇಡ. 2024ರ ಏಪ್ರಿಲ್‌ನಲ್ಲಿ ಜಿಕ್ಯೂಎಲ್ ಅನ್ನೋ ಗ್ರಾಫ್ ಕ್ವೆರಿ ಭಾಷೆ ಐಎಸ್‌ಒ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡ ಆಯ್ತು, ಸೈಫರ್ ಬಲ್ಲವರಿಗೆ ಅದು ಬಹುತೇಕ ಪರಿಚಿತವೇ. ಜಿಲ್ಲೆಗಳಲ್ಲಿರೋ ನಿಮ್ಮ ವರದಿಗಾರರಿಗೆ ಯಾರು ಯಾರ ಭಾವಮೈದ ಅನ್ನೋದು ಬಾಯಲ್ಲೇ ಇರುತ್ತೆ, ಆ ತಿಳಿವಳಿಕೆ ಬೆಂಗಳೂರಿನ ಯಾವ ಎಂಜಿನಿಯರಿಗೂ ಇಲ್ಲ. ನಿಮ್ಮ ಡೆಸ್ಕಿನಿಂದ ಇಬ್ಬರನ್ನ ಕಲಿಯೋಕೆ ಬಿಡಿ, ಕಲಿಸೋಕೆ ನಾವು ಕೆಲವರು ಭಾನುವಾರ ಸಮಯ ಕೊಡ್ತೀವಿ, ದುಡ್ಡೇನೂ ಬೇಡ.

ಇಂತಿ,
ನಿಮ್ಮ ಓದುಗ, ಡೇಟಾ ಎಂಜಿನಿಯರ್
ಮೈಸೂರು